ಎಂಟು ಗೆರೆ

"ನಿಮ್ಮಪ್ಪ ನಿಮ್ಮಮ್ಮನ ಜೋಡಿ ಹೇಗಿತ್ತೋ, ನೀನು ಹಾಕಿದ ಜೋಡಿನೂ ಹಾಗೇ ಇದೆ ಕಣೋ," ಎಂದ ಮಾವ. "ಒಂದು ಉರಿದು ಹೋಯ್ತು. ಇನ್ನೊಂದು ಮೂಲೆ ಹಿಡಿದು ಕೂತಿದೆ."

ಆಂಪ್ಲಿಫೈಯರ್ ರಿಪೇರಿಯ ಆ ಅಂಗಡಿಯ ತುಂಬ ಜನರಿದ್ದಾಗಲೇ ಎಂದ. ಮೊದಲು ನಕ್ಕವನು ವಾದ್ಯತಂಡದ ಡ್ರಮ್ಮಿನವನು. ನಕ್ಕ ಮೇಲೆ ನಗಬಾರದಿತ್ತೇನೋ ಎಂದು ಬಾಯಿ ಒರೆಸಿಕೊಂಡ. ಪಕ್ಕದಂಗಡಿಯ ಗಡಿಯಾರ ರಿಪೇರಿಯವನು, ಯಾರ ಮನೆಗೆ ಬೆಂಕಿ ಬಿದ್ದರೂ ಚಳಿ ಕಾಯಿಸಿಕೊಳ್ಳಲು ಬರುವ ಆಸಾಮಿ, ಬಾಯಿ ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ. ಗಿಟಾರಿನವನು ಮಾತ್ರ ನಗಲಿಲ್ಲ. ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಬಿದ್ದಿದ್ದ ತನ್ನ ಆಂಪ್ಲಿಫೈಯರನ್ನು, ಮನೆಯವರಿಗೆ ಹೇಗೆ ಸುದ್ದಿ ಮುಟ್ಟಿಸಲಿ ಎಂಬಂಥ ಮುಖ ಮಾಡಿಕೊಂಡು ನೋಡುತ್ತಿದ್ದ.

ಮೂಲೆ ಹಿಡಿದು ಕೂತವಳು ಅಮ್ಮ, ಮಾವನ ತಂಗಿ. ಟ್ರಾನ್ಸ್‌ಫಾರ್ಮರುಗಳಿಗೆ ತಂತಿ ಸುತ್ತುವುದು ಅವಳ ಕೆಲಸ. ಕೂದಲೆಳೆಯಂಥ ತಾಮ್ರದ ತಂತಿ, ಕೈಯಿಂದ ತಿರುವುವ ಚಕ್ರ, ತುಟಿಯಲ್ಲಿ ಲೆಕ್ಕ. ಸಾವಿರದ ಇನ್ನೂರ ಮೂವತ್ತೊಂದು, ಮೂವತ್ತೆರಡು. ಲೆಕ್ಕ ತಪ್ಪಿತೋ, ಎಲ್ಲ ಬಿಚ್ಚಿ ಮೊದಲಿನಿಂದ ಸುತ್ತಬೇಕು. ಅದಕ್ಕೇ ಅವಳು ತಲೆಯೆತ್ತಲಿಲ್ಲ. ಅಥವಾ ತಲೆಯೆತ್ತದಿರಲು ಅವಳಿಗೆ ಅದೊಂದು ನೆಪ ಸಿಕ್ಕಿತು. ಆ ಹಾಳು ಜೋಡಿ ಹಾಕಿದವನಾದರೂ ಯಾರು? ತಂಗಿಗೆ ಗಂಡು ಹುಡುಕಿ, ಬಂಗಾರದಂಥ ಹುಡುಗ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವನು ಇದೇ ಮಾವ. ಬಂಗಾರ ಮಗುವಿಗೆ ಹಲ್ಲು ಬರುವ ಮುಂಚೆಯೇ ಕರಗಿ ಹೋಯಿತು. ಅಂದಿನಿಂದ ತಾಯಿ ಮಗ ಇಬ್ಬರೂ ಅಂಗಡಿಯ ಹಿಂದಿನ ಕೋಣೆಯಲ್ಲಿ, ಮಾವನ ಸೂರಿನ ಕೆಳಗೆ.

ಬೈಸಿಕೊಂಡವನನ್ನು ಅಂಗಡಿಯಲ್ಲಿ ಕರೆಯುತ್ತಿದ್ದುದು ಬೆಂಕಿಪೊಟ್ಟಣ ಎಂದು. ಗೀಚುವ ಮೊದಲೇ ಹತ್ತಿಕೊಳ್ಳುತ್ತಾನೆಂದು ಬಂದ ಹೆಸರು. ಏಳನೇ ಕ್ಲಾಸಿನಲ್ಲಿ ಮೇಷ್ಟರೊಬ್ಬರು ಇದೇ ಧಾಟಿಯಲ್ಲಿ ಅಪ್ಪನ ಮಾತೆತ್ತಿದ್ದಕ್ಕೆ ಬೆಂಚು ಮಗುಚಿ ಎದ್ದು ಬಂದವನು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. ಈಗ ಇಪ್ಪತ್ತಮೂರು. ಹತ್ತು ವರ್ಷ ಮಾವನ ಮೇಜಿನ ಎದುರುಗಡೆ, ಗೋಡೆಗೆ ಮುಖ ಮಾಡಿ ಕೂತು, ಬೆಸುಗೆಯ ಸೀಸದ ಹೊಗೆ ಕುಡಿದು ಕಲಿತದ್ದು ಒಂದೇ ವಿದ್ಯೆ. ಇವತ್ತು ಆ ವಿದ್ಯೆಗೇ ಎಲ್ಲರೆದುರು ಉಗಿದಿದ್ದರು. ಅವನ ಕೈ ಮೇಜಿನ ಅಂಚಿಗೆ ಹೋಯಿತು. ಮಗುಚಲಿಲ್ಲ. ಮಗುಚಿದರೆ ತಪ್ಪು ಒಪ್ಪಿಕೊಂಡ ಹಾಗೆ.

ಆ ಆಂಪ್ಲಿಫೈಯರಿಗೆ ಗಿಟಾರಿನವನಿಗಿಂತ ಹೆಚ್ಚು ವಯಸ್ಸು. ಅದರ ಹಿಂಬದಿಯಲ್ಲಿ ಅಂಗೈ ಉದ್ದದ ನಾಲ್ಕು ಗಾಜಿನ ವಾಲ್ವುಗಳು. ಗಿಟಾರಿನ ಇರುವೆಯಷ್ಟು ದನಿಯನ್ನು ಆನೆಯಷ್ಟು ಮಾಡಿ ಸ್ಪೀಕರಿಗೆ ನೂಕುವುದು ಅವೇ. ನಾಲ್ಕು ಜನ ಸೇರಿ ಬೀರುವನ್ನು ಮೆಟ್ಟಿಲು ಹತ್ತಿಸುವುದನ್ನು ನೋಡಿದ್ದೀರಲ್ಲ, ಅದೇ ಲೆಕ್ಕ. ನಾಲ್ವರ ಹೆಗಲೂ ಒಂದೇ ಎತ್ತರದಲ್ಲಿರಬೇಕು. ಇಬ್ಬರು ಎತ್ತರ ಇಬ್ಬರು ಗಿಡ್ಡ ಆದರೆ ಗಿಡ್ಡರು ಕೈ ತಾಗಿಸಿಕೊಂಡು ನಡೆಯುತ್ತಾರೆ, ಎತ್ತರದವರ ಸೊಂಟ ಮುರಿಯುತ್ತದೆ. ಅದಕ್ಕೇ ರಾಶಿ ವಾಲ್ವುಗಳನ್ನು ಒಂದೊಂದಾಗಿ ಅಳೆದು, ಒಂದೇ ಸಮ ಕರೆಂಟು ಕುಡಿಯುವಂಥವನ್ನು ಆರಿಸಿ ಜೋಡಿ ಹಾಕಬೇಕು. ಆಮೇಲೆ ಬಯಾಸ್. ಬಯಾಸ್ ಎಂದರೆ ಲಗಾಮು. ಹಾಡಿಲ್ಲದೆ ಸುಮ್ಮನಿರುವಾಗ ವಾಲ್ವು ಎಷ್ಟು ಕುಡಿಯಬಹುದೆಂದು ಒಂದು ಸಣ್ಣ ತಿರುಪಿನಲ್ಲಿ ಹಿಡಿದಿಡುವುದು. ಬಿಗಿಯಾದರೆ ದನಿಗೆ ಗಂಟಲು ಕಟ್ಟುತ್ತದೆ. ಸಡಿಲಾದರೆ ಒಳಗಿನ ತಗಡು ಕೆಂಡದ ಹಾಗೆ ಕಾಯುತ್ತದೆ, ಆಮೇಲೆ ದೇವರೇ ಗತಿ.

ಮಾವ ಈ ಕೆಲಸದಲ್ಲಿ ಹೆಸರು ಮಾಡಿದವನು. ಅವನು ಜೋಡಿ ಹಾಕಿದ ವಾಲ್ವು ಹತ್ತು ವರ್ಷ ಜಗಳವಾಡುವುದಿಲ್ಲ ಎಂದು ವಾದ್ಯದವರು ಹೇಳುತ್ತಿದ್ದರು. ಅಳೆದ ಪ್ರತಿ ವಾಲ್ವಿನ ಬುಡದಲ್ಲಿ ಬಿಳಿ ಬಣ್ಣದಿಂದ ಅದರ ಅಂಕಿ ಬರೆದು ಡ್ರಾಯರಿನಲ್ಲಿ ಇಡುತ್ತಿದ್ದ. ಬಯಾಸನ್ನಂತೂ ಮೀಟರೇ ಇಲ್ಲದೆ ಕಿವಿಯಲ್ಲೇ ಹಿಡಿಯುತ್ತಿದ್ದ. ಗಿಟಾರಿನ ಒಂದು ತಂತಿ ಮೀಟಿಸಿ, ದನಿಯ ಅಂಚಿನ ಕರಕರ ಮಾಯವಾಗುವವರೆಗೆ ತಿರುಪು ತಿರುಗಿಸಿ, ಸಾಕು ಎನ್ನುತ್ತಿದ್ದ.

ಇನ್ನೊಂದು ಪದ್ಧತಿಯಿತ್ತು. ರಿಪೇರಿ ಮುಗಿಸಿದವನು ಯಂತ್ರದ ಮುಚ್ಚಳದ ಒಳಮೈಗೆ ತಾರೀಖು, ಸಹಿ ಹಾಕಿದ ಚೀಟಿ ಅಂಟಿಸುವುದು. ಗಿರಾಕಿಗೆ ಅದು ಕಾಣುವುದಿಲ್ಲ. ಮುಂದೆ ಯಾವತ್ತೋ ಮುಚ್ಚಳ ತೆರೆಯುವ ಇನ್ನೊಬ್ಬ ಕಸುಬಿನವನಿಗೆ ಕಾಣುತ್ತದೆ. ಈ ಯಂತ್ರದಲ್ಲಿ ಮಾವನ ಚೀಟಿಗಳೇ ಐದಿದ್ದವು. ಹೋದ ತಿಂಗಳು ಮಾವ, ಯಾವ ದೇವರು ಮೈಮೇಲೆ ಬಂದಿತ್ತೋ, ಇದನ್ನು ನೀನೇ ಮಾಡು, ನಿನ್ನ ಚೀಟಿಯನ್ನೇ ಹಾಕು ಎಂದುಬಿಟ್ಟಿದ್ದ. ಚೀಟಿ ಬಿತ್ತೆಂದರೆ ಹುಡುಗ ಕಸುಬಿನವನಾದ ಎಂದು ಲೆಕ್ಕ. ಆಮೇಲೆ ವಾದ್ಯದವರು ಅವನನ್ನೇ ಹುಡುಕಿಕೊಂಡು ಬರುತ್ತಾರೆ. ಎಲ್ಲಾದರೂ ಒಂದು ಮೇಜು, ಒಂದು ಬಾಗಿಲು, ಅಮ್ಮನಿಗೊಂದು ಕಿಟಕಿಯಿರುವ ಕೋಣೆ. ಹಂಗಿನ ತುತ್ತು ಮುಗಿಯುತ್ತದೆ.

ಅವನು ಮಾಡಿದ್ದನ್ನು ಹೇಳಬೇಕೆಂದರೆ, ಇಷ್ಟು. ಆ ಯಂತ್ರಕ್ಕೆ ಹೊಂದುವ ವಾಲ್ವುಗಳಲ್ಲಿ ಮಾವ ಅಳೆದಿಟ್ಟ ಒಂದು ಜೋಡಿ ಡ್ರಾಯರಿನಲ್ಲಿತ್ತು, ಎರಡರ ಬುಡದಲ್ಲೂ ಮೂವತ್ತನಾಲ್ಕು ಎಂದು ಬರೆದದ್ದು. ಇನ್ನೆರಡು ಬೇಕು. ಅಳೆಯದೆ ಬಿದ್ದಿದ್ದ ಇಪ್ಪತ್ತಾರು ವಾಲ್ವುಗಳನ್ನು ಒಂದೊಂದನ್ನೂ ದಿನವಿಡೀ ಕಾಯಿಸಿ, ಮೈ ಬಿಟ್ಟ ಮೇಲೆ ಅಳೆದು, ಸರಿಯಾಗಿ ಮೂವತ್ತನಾಲ್ಕು ತೋರಿಸಿದ ಎರಡನ್ನು ಆರಿಸಿದ. ಬಯಾಸನ್ನು ಮಾವನ ಹಾಗೆ ಕಿವಿಯಲ್ಲಿ ಹಿಡಿಯುವ ಧೈರ್ಯವಿರಲಿಲ್ಲ, ಮೀಟರಿಟ್ಟು ಹಿಡಿದ. ಹಳೆಯ ಯಂತ್ರದಲ್ಲಿ ಮೀಟರು ತಾಗಿಸಲು ಜಾಗವಿದ್ದುದು ಒಂದೇ ಕಡೆ, ಮೊದಲ ವಾಲ್ವಿನ ಹತ್ತಿರ. ಅಲ್ಲಿ ಅವನೇ ಆರಿಸಿದ ವಾಲ್ವಿತ್ತು. ನಾಲ್ಕೂ ಸಮ ಇರುವಾಗ ಒಂದನ್ನು ನೋಡಿದರೆ ನಾಲ್ಕನ್ನೂ ನೋಡಿದ ಹಾಗೆ.

ಮಾವನ ಜೋಡಿಯನ್ನು ಮಾತ್ರ ಅವನು ಮತ್ತೆ ಅಳೆಯಲಿಲ್ಲ. ಮಾವನ ಅಕ್ಷರವಿರುವ ವಾಲ್ವನ್ನು ಅಳೆಯುವ ಡಬ್ಬಿಗೆ ಹಾಕಿ ನೋಡುವುದೆಂದರೆ ಅವನ ಮುಖಕ್ಕೇ ಮೀಟರು ಹಿಡಿದ ಹಾಗೆ. ಆ ಅಂಗಡಿಯಲ್ಲಿ ಯಾರೂ ಅದನ್ನು ಮಾಡಿದ್ದಿಲ್ಲ.

ಕಾರ್ಯಕ್ರಮದ ಮೂರನೇ ಹಾಡಿಗೆ ಯಂತ್ರ ಸುಟ್ಟುಹೋಯಿತು. ಸಾವಿರ ಜನ ತುಂಬಿದ ಸಭಾಂಗಣ. ಹಿಂದಿನ ಎರಡು ವಾಲ್ವು ಕೆಂಪಗಾದದ್ದನ್ನು ಡ್ರಮ್ಮಿನವನು ನೋಡಿದ್ದನಂತೆ, ಅಲಂಕಾರದ ದೀಪ ಎಂದುಕೊಂಡನಂತೆ. ಫ್ಯೂಸು ಹಾರುವಷ್ಟರಲ್ಲಿ ಒಂದರ ಗಾಜು ಸೀಳಿತ್ತು, ದನಿಯನ್ನು ಸ್ಪೀಕರಿಗೆ ದಾಟಿಸುವ ದೊಡ್ಡ ಟ್ರಾನ್ಸ್‌ಫಾರ್ಮರಿನ ಹೊಟ್ಟೆ ಸುಟ್ಟು ಡಾಂಬರು ಕಾರಿತ್ತು. ಅಮ್ಮ ಅದನ್ನು ಮೂಸಿ ನೋಡಿ, ಸುತ್ತಬಹುದು ಆದರೆ ಆ ಕಾಲದ ಕಬ್ಬಿಣ ಬೆಂದು ಹೋಗಿದೆ, ಹಳೇ ದನಿ ಬರಲ್ಲ ಎಂದಿದ್ದಳು. ಗಿಟಾರಿನವನು ಆ ದನಿಯಿಂದಲೇ ಗುರುತಾದವನು.

ಈಗ ಮಾವ ಮುಚ್ಚಳ ಮಗುಚಿ, ಬೆಂಕಿಪೊಟ್ಟಣದ ಚೀಟಿಯನ್ನು ಬೆರಳಲ್ಲಿ ತಡವಿ ಹುಡುಕಿ, ಉಗುರಿನಿಂದ ಕೆರೆದು ತೆಗೆದ. ಆರು ದಿನದ ಅಂಟು, ಸುಲಭವಾಗಿ ಬಂತು.

"ಅಳೆದು ತೋರಿಸ್ತೀನಿ," ಎಂದ ಬೆಂಕಿಪೊಟ್ಟಣ. ದನಿ ಅವನದೇ ಅಲ್ಲದ ಹಾಗೆ ಸಣ್ಣಗೆ ಬಂತು. "ನನ್ನ ಜೋಡಿ ಸರಿ ಇದೆ."

"ತೋರಿಸು. ನಾಳೆ ಮಧ್ಯಾಹ್ನ ಇವರೆಲ್ಲ ಬರಲಿ. ಇವರ ಮುಂದೇನೇ ತೋರಿಸು."

ಗಡಿಯಾರದವನು, ನಾನೂ ಬರ್ತೀನಿ, ನನ್ನ ಹತ್ತಿರ ಟೈಮಿಗೇನು ಬರ ಎಂದು ಹೇಳಿ ಹೋದ.

ಆ ಮಧ್ಯಾಹ್ನವೇ ಬೆಂಕಿಪೊಟ್ಟಣ ಅಳೆಯಲು ಕೂತ. ಪರೀಕ್ಷೆಯ ಡಬ್ಬಿ ಮಾವನೇ ಕಟ್ಟಿದ್ದು. ಮಧ್ಯದಲ್ಲಿ ತಟ್ಟೆಯಗಲದ ಹಳೆಯ ಮೀಟರು ಅಂಗಾತ ಮಲಗಿರುತ್ತದೆ. ಉದ್ದನೆಯ ಮುಳ್ಳು, ಗೆರೆಗಳ ಕೆಳಗೆ ಬೆರಳಗಲದ ಕನ್ನಡಿಯ ಪಟ್ಟಿ. ಕನ್ನಡಿ ಚೆಂದಕ್ಕಲ್ಲ. ಮುಳ್ಳು ಗೆರೆಗಳಿಂದ ಸ್ವಲ್ಪ ಮೇಲೆ ತೇಲುತ್ತಿರುವುದರಿಂದ ಓರೆಯಿಂದ ನೋಡಿದರೆ ಬೇರೆ ಗೆರೆಯ ಮೇಲೆ ನಿಂತ ಹಾಗೆ ಕಾಣುತ್ತದೆ. ಮುಳ್ಳು ಕನ್ನಡಿಯಲ್ಲಿನ ತನ್ನ ಬಿಂಬವನ್ನು ತಾನೇ ಮುಚ್ಚಿಕೊಂಡಾಗ ಮಾತ್ರ ನೋಟ ನೇರವಾಗಿದೆ ಎಂದರ್ಥ. ಇದನ್ನು ಅವನ ಹದಿಮೂರನೇ ವಯಸ್ಸಿನಲ್ಲಿ ತಲೆಗೆ ಮೊಟಕಿ ಮೊಟಕಿ ಕಲಿಸಿದವನು ಮಾವ.

ನಾಲ್ಕರಲ್ಲಿ ಉಳಿದದ್ದು ಮೂರು. ತನ್ನ ಎರಡನ್ನೂ ಕಾಯಿಸಿ ನೋಡಿದ: ಮೂವತ್ತನಾಲ್ಕು, ಮೂವತ್ತನಾಲ್ಕು. ಅಷ್ಟು ಬೆಂಕಿಯ ಪಕ್ಕದಲ್ಲಿ ನಿಂತು ಬಂದರೂ ಒಂದು ಗೆರೆ ಆಚೀಚೆ ಆಗಿರಲಿಲ್ಲ. ಮಾವನದನ್ನು ಹಾಕಿದ. ಮುಳ್ಳು ಮೂವತ್ತನಾಲ್ಕನ್ನು ದಾಟಿ ನಲವತ್ತೆರಡಕ್ಕೆ ಹೋಗಿ ನಿಂತಿತು.

ಅವನಿಗೆ ಮೊದಲು ಖುಷಿಯೇ ಆಯಿತು. ನಂತರ, ಕಾದು ಕೆಂಪಾದ ವಾಲ್ವು, ಹುಚ್ಚು ಹಿಡಿದಿರಬಹುದು ಎನಿಸಿತು. ಅದನ್ನು ಸಾಕ್ಷಿ ಎಂದು ಯಾರೂ ಒಪ್ಪುವುದಿಲ್ಲ. ಮಾವನ ಡ್ರಾಯರಿನಿಂದ, ಇನ್ನೂ ಯಾವ ಯಂತ್ರವನ್ನೂ ಕಾಣದ, ಬೇರೆ ಜಾತಿಯ ಒಂದು ವಾಲ್ವು ತಂದ. ಬುಡದಲ್ಲಿ ಮೂವತ್ತಾರು. ಮೀಟರಿನಲ್ಲಿ ನಲವತ್ತನಾಲ್ಕು. ಇನ್ನೊಂದು ತಂದ: ಬುಡದಲ್ಲಿ ಮೂವತ್ತು, ಮೀಟರಿನಲ್ಲಿ ಮೂವತ್ತೆಂಟು. ಹನ್ನೊಂದು ವಾಲ್ವು ನೋಡಿದ. ಹನ್ನೊಂದೂ ಎಂಟು ಗೆರೆ ಹೆಚ್ಚು. ಡಬ್ಬಿಯೇ ಕೆಟ್ಟಿದೆ ಎನ್ನೋಣವೆಂದರೆ ತನ್ನವು ಅದೇ ಡಬ್ಬಿಯಲ್ಲಿ ಬರೆದ ಅಂಕಿಗೇ ನಿಲ್ಲುತ್ತಿದ್ದವು. ದೆವ್ವ ಹಿಡಿದಿದ್ದರೂ ಇಷ್ಟು ಶಿಸ್ತಿನ ದೆವ್ವವನ್ನು ಅವನು ಕೇಳಿರಲಿಲ್ಲ.

ಉತ್ತರ ಮರುದಿನ ಬೆಳಿಗ್ಗೆ ಸಿಕ್ಕಿತು. ಹತ್ತು ವರ್ಷದಲ್ಲಿ ಮೊದಲ ಸಲ ಅವನು ಗೋಡೆಗೆ ಬೆನ್ನು ಹಾಕಿ, ಮಾವ ಅಳೆಯುವುದನ್ನು ನೋಡುತ್ತ ಕೂತಿದ್ದ. ಮಾವ ಒಂದು ವಾಲ್ವು ಸಿಕ್ಕಿಸಿ, ಕಾಯಲು ಬಿಟ್ಟು, ಮೀಟರಿನ ಬಲಕ್ಕೆ ವಾಲಿ ಕೂತ. ಕತ್ತು ಹಿಡಿದಿದೆ ಎಂದು ಎರಡು ವರ್ಷದಿಂದ ಹೇಳುತ್ತಿದ್ದನಲ್ಲ, ಆ ಭಂಗಿ. ಮುಖವನ್ನು ಬೇರೆ ಕಡೆ ತಿರುಗಿಸಿ, ಕೋಳಿ ಕಾಳು ನೋಡುವ ಹಾಗೆ, ಕಣ್ಣಿನ ಅಂಚಿನಿಂದ ಮುಳ್ಳನ್ನು ನೋಡಿದ. ನೋಡಿ, ಬುಡದಲ್ಲಿ ಅಂಕಿ ಬರೆದ. ಬರೆಯುವಾಗಲೂ ಹಾಗೆಯೇ, ಕೈಯನ್ನು ಬಿಟ್ಟು ಪಕ್ಕದ ಗೋಡೆಯನ್ನು ನೋಡುತ್ತಿರುವವನಂತೆ.

ಮಾವ ಎದ್ದು ಹಿಂದಕ್ಕೆ ಹೋದಾಗ ಅವನು ಆ ಸ್ಟೂಲಿನ ಮೇಲೆ ಕೂತ. ಮಾವನ ತಲೆ ಇದ್ದಲ್ಲಿ ತನ್ನ ತಲೆ ಇಟ್ಟ. ಅಲ್ಲಿಂದ ಕನ್ನಡಿಯಲ್ಲಿ ಮುಳ್ಳಿನ ಬಿಂಬ ಮುಳ್ಳಿನಿಂದ ಬೆರಳಗಲ ದೂರ ನಿಂತಿತ್ತು, ಗಂಡ ಹೆಂಡಿರು ಮಾತು ಬಿಟ್ಟ ಹಾಗೆ. ನಲವತ್ತರ ಮೇಲಿದ್ದ ಮುಳ್ಳು ಅಲ್ಲಿಂದ ಮೂವತ್ತೆರಡು ಎನ್ನುತ್ತಿತ್ತು.

ಆಗ ಅವನಿಗೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಮಾವ ಎರಡು ವರ್ಷದಿಂದ ಒಂದೂ ವಾಲ್ವನ್ನು ಸರಿಯಾಗಿ ಅಳೆದಿಲ್ಲ. ಆದರೂ ಒಂದೂ ಜೋಡಿ ತಪ್ಪಿಲ್ಲ. ಎಲ್ಲವನ್ನೂ ಒಂದೇ ಓರೆಯಿಂದ ನೋಡಿದ್ದರಿಂದ ಎಲ್ಲದರಲ್ಲೂ ಅದೇ ಎಂಟು ಗೆರೆ ಕಮ್ಮಿ. ಸುಳ್ಳಿಗೆ ಸುಳ್ಳು ಸಮ. ಬಯಾಸು ಕಿವಿಯಲ್ಲಿ, ಅಲ್ಲಿ ಅಂಕಿಯ ಹಂಗಿಲ್ಲ. ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ, ಬಹುಶಃ ಮಾವನಿಗೂ. ಈ ಯಂತ್ರದಲ್ಲಿ ಮಾತ್ರ ಓರೆಗಣ್ಣಿನ ಎರಡು, ನೇರಗಣ್ಣಿನ ಎರಡು ಪಕ್ಕಪಕ್ಕ ಬಂದವು. ಮೀಟರಿಟ್ಟು ಹಿಡಿದ ಲಗಾಮು ಇವನ ಎರಡಕ್ಕೆ ಸರಿಯಾಯಿತು, ಮಾವನ ಎರಡು ಹೊಟ್ಟೆ ಬಿರಿಯುವಷ್ಟು ಕುಡಿದವು.

ಅತ್ತೆ ಒಲೆಯ ಹತ್ತಿರ ನಿಂತು ಮಾವನಿಗೆ ಚಹಾ ಸೋಸುತ್ತಿದ್ದಳು. ಮಾವನ ಕಣ್ಣಿಗೆ ಏನಾಗಿದೆ ಎಂದು ಅವನು ನೇರವಾಗಿಯೇ ಕೇಳಿದ. ಅವಳು ಸೋಸುವುದನ್ನು ನಿಲ್ಲಿಸಲಿಲ್ಲ. ಏನಾಗಿದೆ ಎಂದು ತನಗೆ ಅವರೂ ಹೇಳಿಲ್ಲ, ತಾನೂ ಕೇಳಿಲ್ಲ ಎಂದಳು. ಲೋಟ ಎದುರಿಗಿಟ್ಟರೆ ತಡಕಾಡುತ್ತಾರೆ, ಪಕ್ಕಕ್ಕಿಟ್ಟರೆ ತಟ್ಟನೆ ತೆಗೆದುಕೊಳ್ಳುತ್ತಾರೆ. ಅದಕ್ಕೇ ಎರಡು ವರ್ಷದಿಂದ ಪಕ್ಕಕ್ಕಿಡುತ್ತಿದ್ದೇನೆ. ಪೇಪರು ಓದಿ ಹೇಳು, ಕನ್ನಡಕ ಎಲ್ಲೋ ಇಟ್ಟಿದ್ದೇನೆ ಎನ್ನುತ್ತಾರೆ, ಓದಿ ಹೇಳುತ್ತೇನೆ. ಕನ್ನಡಕ ಮೂಗಿನ ಮೇಲೇ ಇರುತ್ತದೆ.

"ಡಾಕ್ಟರ ಹತ್ರ ಕರ್ಕೊಂಡು ಹೋಗಬಾರದಿತ್ತಾ?" ಎಂದ ಅವನು.

"ಹೋದರೆ ಹೌದು ಅಂತಾರಲ್ಲೋ," ಎಂದಳು ಅತ್ತೆ.

ಸಿಟ್ಟು ಬಂದವನಿಗೆ ಯಾರ ಮೇಲೆ ತೀರಿಸಿಕೊಳ್ಳಬೇಕೆಂದು ತಿಳಿಯದೆ ಹೋದರೆ ಅದಕ್ಕಿಂತ ಕೆಟ್ಟದ್ದಿಲ್ಲ. ನಿನ್ನೆಯವರೆಗೆ ಅವನ ಸಿಟ್ಟಿಗೆ ಒಂದು ಮುಖವಿತ್ತು. ಈಗ ಆ ಮುಖಕ್ಕೆ ಕಣ್ಣಿಲ್ಲ. ಆದರೂ ಮಧ್ಯಾಹ್ನ ಜನ ಬರುತ್ತಾರೆ, ಅವರೆದುರು ತೋರಿಸುವುದಕ್ಕಿಂತ ಈಗಲೇ ಮಾವನಿಗೊಬ್ಬನಿಗೇ ತೋರಿಸುವುದು ಮೇಲು ಎನಿಸಿತು. ನಾಲ್ಕು ಗೋಡೆಯ ಮಧ್ಯೆ ತಿಳಿದರೆ ಮಾವನೇ ಏನಾದರೂ ದಾರಿ ಹುಡುಕುತ್ತಾನೆ; ಹುಡುಗನ ತಪ್ಪಲ್ಲ ಎಂದಷ್ಟು ಹೇಳಿದರೂ ಸಾಕು. ಕಣ್ಣಿನ ಮಾತು ಯಾರಿಗೆ ಬೇಕು?

ಉಳಿದಿದ್ದ ಮಾವನ ವಾಲ್ವನ್ನು ಡಬ್ಬಿಗೆ ಹಾಕಿ, ಕಾಯಿಸಿ, ಮಾವನನ್ನು ಕರೆದ. ಎಷ್ಟಿದೆ ನೋಡಿ ಎಂದ. ಮಾವ ಬಲಕ್ಕೆ ವಾಲಿ, ಕತ್ತು ತಿರುಗಿಸಿ, ಮೂವತ್ತನಾಲ್ಕು, ಕಣ್ಣಿಲ್ಲವಾ ನಿನಗೆ ಎಂದ.

ಬೆಂಕಿಪೊಟ್ಟಣ ಮಾವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದ. ಜನ್ಮದಲ್ಲಿ ಮಾವನನ್ನು ಹಾಗೆ ಮುಟ್ಟಿದವನಲ್ಲ. ಹಗುರವಾದ ತಲೆ, ಕಿವಿಯ ಹಿಂದೆ ಎಣ್ಣೆಯ ಜಿಡ್ಡು. ಅದನ್ನು ಮೆಲ್ಲಗೆ ಎಡಕ್ಕೆ ಸರಿಸಿ, ಮೀಟರಿನ ನೇರ ಮೇಲೆ ತಂದು ನಿಲ್ಲಿಸಿದ.

"ಈಗ ನೋಡಿ."

ಮಾವ ತುಂಬ ಹೊತ್ತು ನೋಡಿದ. ರೆಪ್ಪೆ ಬಡಿದು ನೋಡಿದ.

"ಮುಳ್ಳೇ ಇಲ್ಲವಲ್ಲೋ," ಎಂದ.

ಆ ಮಾತಿನಲ್ಲಿ ಜಂಬವಿರಲಿಲ್ಲ, ಸಿಟ್ಟಿರಲಿಲ್ಲ. ಕತ್ತಲೆಯ ಕೋಣೆಗೆ ಬಂದ ಮಗು ಕೇಳುವಂಥ ದನಿ. ಅವನ ಕೈ ಮೀಟರಿನ ಗಾಜಿನ ಮೇಲೆ ಹರಿದಾಡಿತು, ಮುಳ್ಳು ಎಲ್ಲಾದರೂ ಬಿದ್ದಿದೆಯೇನೋ ಎಂಬ ಹಾಗೆ. ಬೆಂಕಿಪೊಟ್ಟಣ ತಲೆಯಿಂದ ಕೈ ತೆಗೆದ. ತೆಗೆದದ್ದೇ ತಡ, ಆ ತಲೆ ತಾನಾಗಿ ಬಲಕ್ಕೆ ವಾಲಿಕೊಂಡಿತು.

ಎಷ್ಟು ವ್ಯತ್ಯಾಸ ಎಂದು ಮಾವ ಕೇಳಿದ. ಎಂಟು ಎಂದ. ಎಲ್ಲದರಲ್ಲೂ? ಎಲ್ಲದರಲ್ಲೂ. ಒಂದೂ ಹೆಚ್ಚುಕಮ್ಮಿ ಇಲ್ಲವಾ? ಇಲ್ಲ.

ಮಾವ ಬಟ್ಟೆಯಿಂದ ಮೀಟರಿನ ಗಾಜು ಒರೆಸಿದ. ಒರೆಸುತ್ತ ಒರೆಸುತ್ತ ಅವನ ಬೆನ್ನು ನೆಟ್ಟಗಾಗುವುದು ಕಾಣಿಸಿತು.

"ಹಾಗಾದ್ರೆ ನನ್ನ ಜೋಡಿ ಸರಿಯೇ ಇದ್ವಲ್ಲ. ನನ್ನ ಎಂಟು ನನ್ನ ಹತ್ರ ಸುಖವಾಗಿತ್ತು. ಎರಡು ವರ್ಷ ಯಾರ ಮನೇನೂ ಸುಡಲಿಲ್ಲ. ಮಧ್ಯೆ ಬಂದವನು ನೀನು."

ಬೆಂಕಿಪೊಟ್ಟಣ ಅದನ್ನು ಮನಸ್ಸಿನಲ್ಲೇ ಅಳೆದು ನೋಡಿದ. ಆ ಮಾತಿನಲ್ಲಿ ಹುಳುಕಿತ್ತು, ಆದರೆ ಲೆಕ್ಕದಲ್ಲಿ ಹುಳುಕಿರಲಿಲ್ಲ. ತಾನು ನೇರ ನೋಡದೆ ಇದ್ದಿದ್ದರೆ ಯಂತ್ರ ಉಳಿಯುತ್ತಿತ್ತು. ಮಾವ ಬಟ್ಟೆ ಮಡಚಿಟ್ಟು, ಮುಖ ತೊಳೆಯಲು ಹೋದ.

ಕೇಳಿಸಿಕೊಂಡಿದ್ದ ಅಮ್ಮ ಚಕ್ರ ನಿಲ್ಲಿಸಿ ಎದ್ದು ಬಂದಳು. ಮಗನ ಅಂಗಿಯ ತೋಳಿಗೆ ಅಂಟಿದ್ದ ತಾಮ್ರದ ಚೂರೊಂದನ್ನು ತೆಗೆದಳು. ನಿನ್ನ ಜೋಡಿ ಸರಿ ಇತ್ತು ಅಂತ ನನಗೆ ಗೊತ್ತು, ಅಷ್ಟು ಸಾಕಲ್ಲವಾ ಎಂದಳು. ಸಾಲದು ಎಂದ ಅವನು. ಸಾಲದು ಅಂದರೆ ಎಲ್ಲಿಗೆ ಹೋಗೋಣ ಎಂದು ಅವಳು ಕೇಳಿದಳು. ಸಿಟ್ಟಿನಿಂದ ಕೇಳಿದ್ದಲ್ಲ, ನಿಜವಾಗಿಯೂ ಒಂದು ಜಾಗದ ಹೆಸರು ಬೇಕಾಗಿ ಕೇಳಿದ ಹಾಗಿತ್ತು. ಅವಳು ಹೋಗಿ ಮತ್ತೆ ಕೂತಳು.

ಮಧ್ಯಾಹ್ನ ಎಲ್ಲರೂ ಹೇಳಿದ ಹೊತ್ತಿಗೆ ಬಂದರು. ಗಿಟಾರಿನವನ ಹಿಂದೆ ಡ್ರಮ್ಮಿನವನು ಇನ್ನೊಂದು ಆಂಪ್ಲಿಫೈಯರನ್ನು ಎದೆಗವಚಿಕೊಂಡು ಬಂದು ಏದುಸಿರು ಬಿಡುತ್ತ ಇಳಿಸಿದ. ಅದೂ ಹಳೆಯದೇ, ಅದೇ ಜಾತಿಯದು, ಯಾರೋ ಮುದುಕನ ಹತ್ತಿರ ಕಾಡಿ ಬೇಡಿ ತಂದದ್ದಂತೆ. ಗಡಿಯಾರದವನು ತನ್ನ ಸ್ಟೂಲನ್ನು ಪಕ್ಕದಂಗಡಿಯಿಂದಲೇ ತಂದಿದ್ದ. ಸಿನಿಮಾಕ್ಕೆ ಬಂದಿದ್ದೀರಾ ಎಂದು ಡ್ರಮ್ಮಿನವನು ಕೇಳಿದ್ದಕ್ಕೆ, ಟಿಕೆಟ್ಟಿಲ್ಲದ್ದನ್ನು ಹೇಗೆ ಬಿಡಲಿ ಎಂದ.

ಬೆಂಕಿಪೊಟ್ಟಣ ಡಬ್ಬಿಯ ಪಕ್ಕದಲ್ಲಿ ನಿಂತಿದ್ದ. ಮೂರು ವಾಲ್ವುಗಳು ಬಟ್ಟೆಯ ಮೇಲೆ ಸಾಲಾಗಿದ್ದವು. ಒಂದೊಂದನ್ನೂ ಹಾಕಿ ಎಲ್ಲರಿಂದಲೂ ಓದಿಸಿದರಾಯಿತು. ಗಡಿಯಾರದವನ ಕಣ್ಣಂತೂ ಸಾಸಿವೆಯಷ್ಟು ಚಕ್ರದಲ್ಲಿ ಹಲ್ಲೆಣಿಸುವಂಥದ್ದು. ಐದು ನಿಮಿಷದ ಕೆಲಸ. ಅವನ ಕೈ ಮೊದಲ ವಾಲ್ವಿಗೆ ಹೋಗುವಷ್ಟರಲ್ಲಿ ಮಾವ ಒಳಗಿನಿಂದ ಬಂದ. ತಲೆ ಬಾಚಿಕೊಂಡಿದ್ದ, ಒಗೆದ ಅಂಗಿ ಹಾಕಿಕೊಂಡಿದ್ದ. ಅಂಗಡಿಯ ವಸ್ತುಗಳ ಮಧ್ಯೆ ಎಲ್ಲಿಯೂ ತಾಗದೆ ನಡೆದು ಬಂದು ಅವನ ಹೆಗಲ ಮೇಲೆ ಕೈ ಹಾಕಿದ.

ಹಾಕಿ, ಎಲ್ಲರ ಕಡೆ ತಿರುಗಿ, ಶಾಂತವಾದ ದನಿಯಲ್ಲಿ ಮಾತಾಡಿದ. ನಿನ್ನೆ ನಾನು ಆಡಬಾರದ ಮಾತು ಆಡಿದೆ, ತಂಗಿಯ ಮುಂದೆ ಆಡಿದೆ, ಅದು ನನ್ನ ತಪ್ಪು ಎಂದ. ಹುಡುಗನ ಜೊತೆ ಕೂತು ಬೆಳಿಗ್ಗೆ ಎಲ್ಲ ಅಳೆದು ನೋಡಿದ್ದಾಗಿದೆ, ಎಲ್ಲಿ ಎಡವಿದ್ದಾನೆ ಅಂತ ಅವನಿಗೂ ತಿಳಿದಿದೆ ಎಂದ. ನಾನೂ ಅವನ ವಯಸ್ಸಿನಲ್ಲಿ ಸುಟ್ಟಿದ್ದೇನೆ, ಇದಕ್ಕಿಂತ ದೊಡ್ಡದನ್ನೇ ಸುಟ್ಟಿದ್ದೇನೆ, ಸುಡದೆ ಯಾರು ಕಲಿತಿದ್ದಾರೆ ಎಂದ. ಅದು ನಾಟಕವಾಗಿದ್ದರೆ ಬೆಂಕಿಪೊಟ್ಟಣಕ್ಕೆ ಎಷ್ಟೋ ಸಲೀಸಾಗುತ್ತಿತ್ತು. ನಾಟಕವಲ್ಲ. ಹೆಗಲ ಮೇಲಿನ ಕೈ ಅಂಗಿಯೊಳಗಿನ ಎಲುಬು ಸಿಗುವವರೆಗೆ ಬಿಗಿಯಾಗಿ ಹಿಡಿದಿತ್ತು, ಬಿಟ್ಟರೆ ಬಿದ್ದೇನು ಎನ್ನುವವನ ಹಿಡಿತ.

"ನಾನು ಕ್ಷಮಿಸಿದೀನಿ," ಎಂದ ಮಾವ. "ನೀವೂ ಕ್ಷಮಿಸಿ."

ಅಂಗಡಿ ಮೆತ್ತಗಾಯಿತು. ಡ್ರಮ್ಮಿನವನು ನೆಲ ನೋಡಿದ. ಗಡಿಯಾರದವನಿಗೂ, ಎಂಥ ಆಶ್ಚರ್ಯ, ಒಂದು ಜೋಕು ಸಿಗಲಿಲ್ಲ. ದೊಡ್ಡ ಮನಸ್ಸು ದೊಡ್ಡ ಮನಸ್ಸು ಎಂದು ತಲೆಯಾಡಿಸಿದ. ಅಡುಗೆಮನೆಯ ಬಾಗಿಲಿನಲ್ಲಿ ಅತ್ತೆ ನಿಂತಿದ್ದಳು. ಅಮ್ಮ ಚಕ್ರ ಬಿಟ್ಟು ಎದ್ದು ನಿಂತು ಮಗನನ್ನೇ ನೋಡುತ್ತಿದ್ದಳು, ಎರಡು ಕೈಯನ್ನೂ ಹೊಟ್ಟೆಯ ಹತ್ತಿರ ಕಟ್ಟಿಕೊಂಡು.

ಗಿಟಾರಿನವನು ಮುಂದೆ ಬಂದ. ಎರಡು ದಿನದಿಂದ ನಿದ್ದೆಯಿಲ್ಲದ ಮುಖ, ಆದರೂ ಅದರಲ್ಲಿ ಕೇಡಿರಲಿಲ್ಲ. ಹೊಸದಾಗಿ ತಂದ ಯಂತ್ರದ ಮೇಲೆ ಕೈಯಿಟ್ಟ.

"ನೋಡು, ಹೋದದ್ದು ಹೋಯ್ತು. ನನ್ನಿಂದ ತಪ್ಪಾಯ್ತು ಅಂತ ಒಂದು ಮಾತು ಹೇಳು, ಸ್ವಲ್ಪ ಸಮಾಧಾನ ಆಗತ್ತೆ. ಇದನ್ನ ನಿನ್ನ ಕೈಗೇ ಕೊಡ್ತೀನಿ. ಚೀಟಿನೂ ನಿಂದೇ ಹಾಕು."

"ಹೇಳಪ್ಪ," ಎಂದ ಮಾವ. "ಹೂಂ ಅನ್ನು ಸಾಕು."

ಒಂದು ಹೂಂ. ಅಷ್ಟಕ್ಕೆ ಮೇಜು, ಬಾಗಿಲು, ಕಿಟಕಿಯಿರುವ ಕೋಣೆ ಎಲ್ಲ ಇತ್ತು. ಊಹೂಂ ಎಂದರೂ ಅಷ್ಟೇ ಸುಲಭ. ಡಬ್ಬಿ ಪಕ್ಕದಲ್ಲೇ ಇತ್ತು, ಬಿಸಿಯಾಗಿತ್ತು. ಮಾವನ ತಲೆ ಹಿಡಿದು ಇನ್ನೊಮ್ಮೆ, ಇವರೆಲ್ಲರ ಮುಂದೆ, ಮುಳ್ಳಿನ ಮೇಲೆ ನಿಲ್ಲಿಸಿದರೆ ಮುಗಿಯಿತು. ಆಮೇಲೆ ಈ ಅಂಗಡಿಗೆ ಯಾರೂ ವಾಲ್ವು ತರುವುದಿಲ್ಲ. ಅವನು ಮಾವನ ಮುಖ ನೋಡಿದ. ಮಾವನ ಕಣ್ಣು ಅವನನ್ನು ಬಿಟ್ಟು ಬಾಗಿಲ ಚೌಕಟ್ಟಿನ ಮೇಲಿತ್ತು. ಅವನು ಕಾಣಬೇಕಾದರೆ ಮಾವ ಹಾಗೆಯೇ ನೋಡಬೇಕಿತ್ತು. ಕ್ಷಮಿಸುವುದಕ್ಕೂ ಅವನಿಗೆ ಓರೆಯೇ ಗತಿ. ಹೂಂ ಎನ್ನಲು ಬಾಯಿ ತೆರೆದರೆ ಬೇರೇನೋ ಬಂದುಬಿಡುತ್ತದೆಂದು ಗೊತ್ತಿತ್ತು. ಬೇರೇನೋ ಹೇಳಲು ತೆರೆದರೆ ಅಳು ಬರುತ್ತಿತ್ತು. ಹತ್ತು ವರ್ಷದ ವಿದ್ಯೆಯನ್ನು ಕೊಟ್ಟವನೂ ಇವನೇ, ಕಿತ್ತುಕೊಂಡವನೂ ಇವನೇ, ಮತ್ತೀಗ ಕಿತ್ತುಕೊಂಡದ್ದನ್ನು ದಾನವಾಗಿ ಕೊಡುತ್ತಿರುವವನೂ ಇವನೇ.

ಅವನು ಮಾವನ ಬೆರಳುಗಳನ್ನು ಒಂದೊಂದಾಗಿ ತನ್ನ ಹೆಗಲಿನಿಂದ ಬಿಡಿಸಿದ. ಬಿಡಿಸಿ, ಆ ಕೈಯನ್ನು ಮೇಜಿನ ಅಂಚಿಗೆ ಹಿಡಿಸಿದ. ಡಬ್ಬಿಯ ಸ್ವಿಚ್ಚು ಆರಿಸಿದ.

"ಏನೋ ಇದು," ಎಂದಳು ಅಮ್ಮ.

ಗಡಿಯಾರದವನ ಸ್ಟೂಲು ದಾರಿಗೆ ಅಡ್ಡವಿತ್ತು. ಬೆಂಕಿಪೊಟ್ಟಣ ಅದನ್ನು ಸುತ್ತಿ ಬಾಗಿಲ ಕಡೆ ನಡೆದ. ಗಿಟಾರಿನವನು, ಮಾತಾದರೂ ಆಡು ಮಾರಾಯ ಎಂದು ತೋಳು ಮುಟ್ಟಿದ. ಹಿಂದಿನಿಂದ ಮಾವ, ಎಲ್ಲಿದಾನೆ, ಎಲ್ಲಿ ನಿಂತಿದಾನೆ ಎಂದು ಯಾರನ್ನೋ ಕೇಳುತ್ತಿದ್ದ. ಹೊರಗೆ ಬಿಸಿಲು ಬೀದಿಯ ಎರಡೂ ಕಡೆಗೆ ಸಮವಾಗಿ ಬಿದ್ದಿತ್ತು. ಎದುರಿನ ಇಸ್ತ್ರಿಯ ಹೆಂಗಸು, ಊಟಕ್ಕಾ ಎಂದು ಕೇಳಿದಳು. ಅವನು ನಿಲ್ಲದೆ ನಡೆದುಕೊಂಡು ಹೋದ.